ನೆಲದಿಂದ ನೆಲಕ್ಕೆ

ಮೊದಲನೆಯ ಆನಿಂಗ್ ತಂದವನು ಚನ್ನವೀರ.
ಬ್ರಿಡ್ಲಿಂಗ್ಟನ್ನಿನ ಯಾರೋ ಮುದುಕ
ಒಂದೇ ಬೇಸಿಗೆ ಬಳಸಿದ್ದು ಅಂದನಂತೆ.
ಬಿಚ್ಚಿದರೆ ಕರಿದ ಮೀನಿನ ವಾಸನೆ, ಇಲಿಯ ಹಿಕ್ಕೆ,
ಹತ್ತು ಬೇಸಿಗೆಯಾದರೂ ಆಗಿರಬೇಕು.
ಇರಲಿ, ಹಳೆಯದಾದದ್ದು ತಪ್ಪಲ್ಲ.
ನಾವೂ ಹೊಸಬರಲ್ಲ, ಕ್ಯಾರವಾನೂ ಅಲ್ಲ.

ಕ್ಯಾರವಾನಿನ ನೆತ್ತಿಯಂಚಿನ ತೆಳು ಕಾಲುವೆಯೊಳಗೆ
ಬಟ್ಟೆಯ ದಪ್ಪ ಅಂಚು ಸರಸರ ಜಾರಿ
ಹಿಂದಿನ ದೀಪ ದಾಟಿ ನೆಲ ಮುಟ್ಟಿದ ಮೇಲೂ
ಒಂದು ಗೇಣು ಮಿಕ್ಕು ಮುದುರಿ ಕೂತಿತು.
‘ದೊಡ್ಡದಿದ್ದರೆ ಒಳ್ಳೆಯದಲ್ಲವಾ’ ಅಂದ,
ಬೆಳೆಯುವ ಹುಡುಗನಿಗೆ ಯೂನಿಫಾರ್ಮ್ ಹೊಲಿಸುವವನ ಹಾಗೆ.
ಕ್ಯಾರವಾನ್ ಬೆಳೆಯುವುದಿಲ್ಲ, ಚನ್ನವೀರ.

ಆ ರಾತ್ರಿ ವಿದರ್ನ್ಸೀಯಲ್ಲಿ ಸಮುದ್ರದ ಗಾಳಿ
ಮಿಕ್ಕ ಆ ಗೇಣನ್ನೇ ಹಿಡಿದು ಬಡಿಯಿತು ಬೆಳಗಿನ ತನಕ,
ಅಗಸರ ಕಲ್ಲಿನ ಪಕ್ಕ ಮಲಗಿದಂತಾಯಿತು.
ಪಕ್ಕದ ಗಾಡಿಯ ಗ್ಲೆನಿಸ್ ಟೀ ಕಪ್ಪು ಹಿಡಿದೇ ಬಂದಳು,
ನಿದ್ದೆಗೆಟ್ಟ ಕಣ್ಣು, ಆದರೂ ನಗು:
‘ಲವ್, ನೆಲದಿಂದ ನೆಲಕ್ಕೆ ಅಳೆದಿರಾ?’

ಈ ಕಡೆಯ ನೆಲದಿಂದ ಮೇಲಕ್ಕೆ, ಕಾಲುವೆಯ ಗುಂಟ,
ಮತ್ತೆ ಆ ಕಡೆಯ ನೆಲಕ್ಕೆ.
ಕಬ್ಬಿಣದ ಟೇಪು ಬಾಗುವಲ್ಲಿ ಸುಳ್ಳು ಹೇಳುತ್ತದೆ, ಹಗ್ಗ ಬೇಕು.
ಅದಕ್ಕೂ ಮೊದಲು ಗಾಡಿ ಸಮಕ್ಕೆ ನಿಂತಿರಬೇಕು.
ಚನ್ನವೀರ ರಸಮಟ್ಟ ಇಟ್ಟು ಚಕ್ರದಡಿ ಹಲಗೆ ತಳ್ಳಿದ,
ನಾನು ಬಟ್ಟೆ ಒಣಗಿಸುವ ನೀಲಿ ಹಗ್ಗ ಬಿಚ್ಚಿದೆ.

ಸುತ್ತಿ ಅಳೆದು ಗಂಟು ಹಾಕಿದ ಹಗ್ಗ ಕೈಗೆ ಬಂದದ್ದೇ
ಮೊಣಕೈ ತಾನಾಗಿ ಮಡಿಸಿತು.
ಲಾಭ, ಎರಡು, ಮೂರು...
ಚಿತ್ರದುರ್ಗದ ಬಸ್ ಸ್ಟ್ಯಾಂಡಿನೆದುರು
ಅಮ್ಮ ಕನಕಾಂಬರ ಅಳೆಯುತ್ತಿದ್ದುದೇ ಹೀಗೆ.
ಅವಳ ಮೊಳ ಗಿಡ್ಡ ಅಂತ ಊರೆಲ್ಲ ದೂರು,
ಚೌಕಾಸಿ ಮಾಡಿದವರಿಗೆ ಇನ್ನೂ ಗಿಡ್ಡ,
ಮಾತಾಡಿಸುತ್ತಲೇ ಬೆರಳು ಒಳಗೆಳೆದುಕೊಳ್ಳುವಳು, ಕಳ್ಳಿ.
ನನ್ನದು ನೆಟ್ಟಗಿನ ಕೈ,
ಹಲ್ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ
ಕಂಡವರ ಹಾಸಿಗೆಬಟ್ಟೆ ಮೂಲೆಗೆ ಮೂಲೆ ಸೇರಿಸಿ ಮಡಚಿದ್ದು.
ಇಪ್ಪತ್ತೊಂದೂವರೆ ಮೊಳ, ಮೇಲೆ ಎರಡು ಬೆರಳು.
ಚನ್ನವೀರ ಹಗ್ಗವನ್ನು ಹುಲ್ಲಿನ ಮೇಲೆ ಮಲಗಿಸಿ
ಟೇಪು ಎಳೆದ: ಒಂಬತ್ತು ಮೀಟರ್ ಎಂಬತ್ತೇಳು.
ಫೋನಿನಲ್ಲಿ ಏನೋ ಗುಣಿಸಿ ನೋಡಿ
ಜೇಬಿಗೆ ಹಾಕಿಕೊಂಡ, ಮಾತಾಡಲಿಲ್ಲ.

ಬೆವರ್ಲಿಯ ಅಂಗಡಿಯಲ್ಲಿ
ಪಂಪು ಹೊಡೆದರೆ ತಾನೇ ಎದ್ದು ನಿಲ್ಲುವಂಥದ್ದು,
ಕಿಟಕಿಗೆ ಪರದೆ, ಪಕ್ಕಕ್ಕೊಂದು ಮಲಗುವ ಕೋಣೆ.
ಅವನ ಕಣ್ಣು ಆ ಕೋಣೆಯ ಮೇಲೆ.
‘ಯಾರು ಮಲಗುತ್ತಾರೆ ಅಲ್ಲಿ?’
‘ಯಾರಾದರೂ ಬಂದರೆ...’
ಬಂದರೆ ಬೆಂಚಿದೆ. ಎಳೆಯುವ ಕಾರಿಗೂ ಸೊಂಟವಿದೆ.
ನಾನು ಚೀಲದ ಮೇಲಿನ ಸಣ್ಣಕ್ಷರ ಓದುತ್ತ ಹೋದೆ:
ಒಂಬತ್ತು ಎಪ್ಪತ್ತೈದರಿಂದ ಹತ್ತರವರೆಗೆ.
ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣ,
ಯಾರೂ ಮೆಚ್ಚದ್ದು, ಅದಕ್ಕೇ ಅಗ್ಗ.

ಕಾಲುವೆಗೆ ಮೇಣದಬತ್ತಿ ಉಜ್ಜಿದೆವು.
ಅವನು ಎಳೆದ, ನಾನು ಸ್ಟೂಲು ಹತ್ತಿ ತಳ್ಳಿದೆ,
ಒಬ್ಬರ ಮೇಲೊಬ್ಬರು ರೇಗಿದೆವು, ದಿನಾ ರೇಗುವಷ್ಟೇ.
ಗೂಟ ಹೊಡೆದು ಹಿಂದೆ ಸರಿದು ನೋಡಿದರೆ
ಕಾಸಿದ ತಮಟೆಯ ಹಾಗೆ ಬಿಗಿ.
ಹಿಂಬದಿಯ ಮೂಲೆಯಲ್ಲಿ ಮಾತ್ರ
ಬಟ್ಟೆಗೂ ಹುಲ್ಲಿಗೂ ನಡುವೆ ಎರಡು ಬೆರಳು ಸಂದು.
ಬಿಚ್ಚಿ ಮತ್ತೆ ಕಟ್ಟೋಣವಾ ಅಂದ.

ಬೇಡ.
ಎಷ್ಟೇ ಗಿಡ್ಡ ಅಳೆದರೂ ಅಮ್ಮ
ದಾರ ಕಡಿಯುವ ಮುಂಚೆ
ಇನ್ನೆರಡು ಹೂವು ಮುಂದಕ್ಕೆ ಬಿಡುತ್ತಿದ್ದಳು.
ಇದು ಗಾಳಿಗೆ ಕೊಸರು, ಇರಲಿ ಬಿಡು.
ಟೀಗೆ ನೀರಿಡು, ಗ್ಲೆನಿಸಳನ್ನೂ ಕರಿ.